ರೊಟ್ಟಿ ಹಿಟ್ಟು, ಒದ್ದೆ ಸೌದೆ, ಪಾಳಿ ಪಟ್ಟಿ: ಕುದುರೆಮುಖದ ಕಾಡಿಗೆ ಹೊಂದಿಕೊಂಡ ಗಾರ್ಡ್ ಒಬ್ಬನ ಪ್ರಕರಣ

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಕಳ್ಳಬೇಟೆ ತಡೆ ಶಿಬಿರವೊಂದಕ್ಕೆ ಕೆಲಸಕ್ಕೆ ಬಂದ ವಿಜಯಪುರ ಜಿಲ್ಲೆಯ ಹುಡುಗನೊಬ್ಬನ ಪ್ರಕರಣ ಇದು. ಕಾಗದದ ಮೇಲೆ ಅವನ ಹುದ್ದೆ ಗಸ್ತು ಅರಣ್ಯ ಪಾಲಕ. ಎಲ್ಲರ ಬಾಯಲ್ಲಿ ಗಾರ್ಡ್. ಬಂದಾಗ ವಯಸ್ಸು 24, ಇನ್ನೂ ಮದುವೆ ಆಗಿರಲಿಲ್ಲ. ನಾನು ಮಳೆಗಾಲದಲ್ಲಿ ಕಪ್ಪೆಗಳನ್ನು ಗಮನಿಸಲು ಅನುಮತಿ ಪಡೆದು ಆ ಕಡೆ ಹೋಗುತ್ತಿದ್ದವನು. ಅದೇ ಶಿಬಿರದಲ್ಲಿ ಉಳಿಯುತ್ತಿದ್ದೆ. ಹಾಗಾಗಿ ಅವನ ಮೊದಲ ಎರಡು ಮಳೆಗಾಲಗಳನ್ನು ಹತ್ತಿರದಿಂದ ನೋಡಲು ಸಿಕ್ಕಿತು. ಬರೆಯಬಹುದಾ ಅಂತ ಕೇಳಿದಾಗ ಬರೀರಿ, ಹೆಸರು ಬ್ಯಾಡ್ರಿ ಅಂದ. ಹೆಸರು, ಶಿಬಿರದ ಗುರುತು ಎರಡನ್ನೂ ಬಿಟ್ಟಿದ್ದೇನೆ.

ಕಾಡಿನಲ್ಲಿ ಕೆಲಸ ಮಾಡುತ್ತೇನೆ ಅಂತ ಹೇಳಿದರೆ ಜನ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. 'ಪುಣ್ಯ ಮಾಡಿದ್ರಿ, ಎಂಥ ಗಾಳಿ, ಎಂಥ ನೀರು' ಅಂತ ಕೆಲವರು. 'ಸ್ವಲ್ಪ ದಿನ ಕಷ್ಟ, ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಅಂತ ಉಳಿದವರು. ಈ ಹುಡುಗನಿಗೆ ಎರಡೂ ಮಾತು ಧಾರಾಳವಾಗಿ ಸಿಕ್ಕಿದ್ದವು. ಎರಡೂ ಉಪಯೋಗಕ್ಕೆ ಬರಲಿಲ್ಲ. ಅವನು ನೆಲೆ ನಿಂತದ್ದು ಅಡುಗೆಮನೆಯ ಪಾಳಿಯಿಂದ ಅಂತ ನನ್ನ ಅಭಿಪ್ರಾಯ. ಅದು ಹೇಗೆ ಅಂತ ಹೇಳುವುದಕ್ಕೆ ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳಬೇಕು.

ಜಾಗ

ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. ಸುಮಾರು 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಿಗೆ ಚಾಚಿಕೊಂಡಿದೆ. ಬೆಟ್ಟದ ತಲೆಯ ಮೇಲೆ ಹುಲ್ಲು, ಕಣಿವೆಗಳ ಸಂದಿಯಲ್ಲಿ ಶೋಲಾ ಅನ್ನುವ ಕುಳ್ಳ ಮರಗಳ ಕಾಡು, ಕೆಳಗಿಳಿದರೆ ದಟ್ಟ ಮಳೆಕಾಡು. ಸಿಂಗಳೀಕ ಇದೆ, ಕಾಟಿ, ಕಡವೆ, ಹುಲಿ, ಚಿರತೆ ಇವೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ ಅನ್ನುವ ಗಂಗಾಮೂಲವೂ ಇಲ್ಲೇ. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದರ ಹಿಂದೆಯೇ ಕುದುರೆಮುಖ ಪಟ್ಟಣವೂ ಖಾಲಿಯಾಯಿತು. ಈಗ ಈರುಳ್ಳಿ, ಬೇಳೆ, ಟಾರ್ಚಿನ ಸೆಲ್ ಏನು ಬೇಕಾದರೂ ಶಿಬಿರದವರಿಗೆ ಕಳಸದ ಪೇಟೆಯೇ ಗತಿ.

ಇನ್ನು ಮಳೆ. ಈ ಹುಡುಗನ ಊರಿನ ಕಡೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಕುದುರೆಮುಖದಲ್ಲಿ ಅದರ ಹತ್ತು ಪಟ್ಟು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಅವನ ಊರಲ್ಲಿ ಒಂದು ಇಡೀ ವರ್ಷ ಬೀಳುವ ಮಳೆಯನ್ನು ಇಲ್ಲಿ ಜುಲೈನ ಒಂದು ಜೋರು ವಾರವೇ ಇಳಿಸಿಬಿಡಬಹುದು.

ಶಿಬಿರ ಅಂದರೆ ಎರಡು ಕೋಣೆ, ಒಂದು ಜಗಲಿ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಬಚ್ಚಲು. ಮೇಲಿನ ತೊರೆಗೆ ಹಾಕಿದ ಕಪ್ಪು ಪೈಪಿನಲ್ಲಿ ನೀರು ತಾನೇ ಇಳಿದು ಬರುತ್ತದೆ. ಮಾಡಿನ ಮೇಲೆ ಒಂದು ಸೋಲಾರ್ ಹಲಗೆ. ಸೌದೆ ಒಲೆ. ಒಂದು ಗ್ಯಾಸ್ ಸಿಲಿಂಡರ್ ಇದೆ, ಅದನ್ನು ಚಹಾಕ್ಕೆ ಮತ್ತು ಯಾರಿಗಾದರೂ ಹುಷಾರಿಲ್ಲದಾಗ ಮಾತ್ರ ಹಚ್ಚುತ್ತಾರೆ. ಯಾಕೆಂದರೆ ಜೂನ್ ಮೊದಲ ವಾರದ ನಂತರ ಜೀಪು ಶಿಬಿರದವರೆಗೆ ಬರುವುದಿಲ್ಲ. ಕೊನೆಯ ನಾಲ್ಕೈದು ಕಿಲೋಮೀಟರ್ ಎಲ್ಲವೂ ತಲೆಹೊರೆ.

ಒಂದು ಹೊತ್ತಿಗೆ ಶಿಬಿರದಲ್ಲಿ ಇರುವುದು ನಾಲ್ಕು ಜನ. ಒಬ್ಬ ಗಾರ್ಡ್, ಉಳಿದವರು ವಾಚರ್‌ಗಳು, ಅಂದರೆ ತಾತ್ಕಾಲಿಕ ಕಾವಲುಗಾರರು. ಹಿರಿಯ ವಾಚರ್ ಐವತ್ತು ದಾಟಿದ, ಮಲೆಕುಡಿಯ ಬುಡಕಟ್ಟಿನವರು. ಇದೇ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದವರು, ಮನೆಯಲ್ಲಿ ತುಳು, ಹೊರಗೆ ಕನ್ನಡ. ಹುಡುಗ ಅವರನ್ನು ಬಂದ ದಿನದಿಂದಲೇ ಕಾಕಾ ಅಂತ ಕರೆದ. ಅವರು ಅವನನ್ನು ಸಾರ್ ಅಂತಲೇ ಕರೆದರು. ಅಪ್ಪನ ವಯಸ್ಸಿನವರು ಸಾರ್ ಅನ್ನುವುದು, ಸಾರ್ ಅನ್ನಿಸಿಕೊಂಡವನಿಗೆ ಒಲೆ ಹಚ್ಚಲೂ ಬರದಿರುವುದು. ಮುಂದೆ ಆದ ತೊಡಕುಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಶುರು.

ಬಂದದ್ದು ಫೆಬ್ರವರಿಯಲ್ಲಿ

ಅವನು ಬಂದ ಕಾಲ ಅವನನ್ನು ದಾರಿ ತಪ್ಪಿಸಿತು ಅನ್ನಬೇಕು. ಫೆಬ್ರವರಿಯಲ್ಲಿ ಕುದುರೆಮುಖ ಯಾರಿಗೆ ಇಷ್ಟವಾಗುವುದಿಲ್ಲ? ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಹದವಾದ ಬಿಸಿಲು. ಬಟ್ಟೆ ಒಗೆದರೆ ಸಂಜೆಯೊಳಗೆ ಗರಿಗರಿ. ಸೋಲಾರ್ ಬ್ಯಾಟರಿ ತುಂಬಿ ತುಳುಕುತ್ತದೆ. ಬೆಂಕಿ ಕಾಲವಾದ್ದರಿಂದ ಕೈತುಂಬ ಕೆಲಸ. ಬೆಂಕಿ ರೇಖೆ ನೋಡಿಕೊಳ್ಳುವುದು, ಎತ್ತರದ ಜಾಗದಲ್ಲಿ ಕೂತು ಎಲ್ಲಾದರೂ ಹೊಗೆ ಏಳುತ್ತದಾ ಅಂತ ಕಾಯುವುದು, ಜೀಪಿನಲ್ಲಿ ಓಡಾಡುವುದು. ಅವನು ದಿನಾ ಫೋಟೋ ತೆಗೆದು ಊರಿನ ಗೆಳೆಯರಿಗೆ ಕಳಿಸುತ್ತಿದ್ದ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯಕ್ಕೆ ಕೈಕಾಲಿಗೆ ತೈಲ ಹಚ್ಚಿಕೊಳ್ಳುವುದು, ಉಣುಗು ಹತ್ತಿದೆಯಾ ಅಂತ ಸಂಜೆ ಮೈ ನೋಡಿಕೊಳ್ಳುವುದು, ಇಷ್ಟೇ ಕಿರಿಕಿರಿ.

ತಂದ ಸಾಮಾನಿನ ಪಟ್ಟಿಯನ್ನು ಅವನೇ ನಗುತ್ತಾ ಹೇಳಿದ್ದು: ಚಕ್ರದ ಸೂಟ್‌ಕೇಸು, ಮೂರು ಜೀನ್ಸ್ ಪ್ಯಾಂಟು, ಬಿಳಿ ಶೂ, ಗಡ್ಡ ಟ್ರಿಮ್ ಮಾಡುವ ಮಷೀನು, ಎರಡು ಪವರ್ ಬ್ಯಾಂಕು, ಒಂದು ಡಬ್ಬಿ ಪ್ರೋಟೀನ್ ಪುಡಿ. ಜೊತೆಗೆ ಅವ್ವ ಕಟ್ಟಿಕೊಟ್ಟ ಹತ್ತು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿ ಹಿಂಡಿ. ಸೂಟ್‌ಕೇಸಿನ ಚಕ್ರ ಆ ಕಲ್ಲು ದಾರಿಯಲ್ಲಿ ಮೊದಲ ದಿನವೇ ಕಿತ್ತುಹೋಯಿತು. ಉಳಿದದ್ದೆಲ್ಲ ಮೇ ತನಕ ಚೆನ್ನಾಗಿಯೇ ಇತ್ತು.

ಮೊದಲ ಮಳೆಗಾಲ

ನಾನು ಜೂನ್ ಕೊನೆಗೆ ಹೋದಾಗ ಅವನು ಬೇರೆಯೇ ಮನುಷ್ಯ ಆಗಿದ್ದ. ಮಾತು ಕಡಿಮೆ, ಮುಖ ಊದಿಕೊಂಡ ಹಾಗೆ. ಕಾಲು ನೋಡಿದೆ. ಬೆರಳ ಸಂದಿಯೆಲ್ಲ ಬೆಳ್ಳಗಾಗಿ ಬಿರಿದಿತ್ತು. ಮೊಣಕಾಲ ಕೆಳಗೆ ಇಂಬಳ (ಜಿಗಣೆ) ಕಚ್ಚಿದ ಕಲೆಗಳು, ಕೆರೆದು ಕೆರೆದು ಹುಣ್ಣಾಗಿದ್ದವು. ಜೀನ್ಸ್ ಒಣಗಿಯೇ ಇರಲಿಲ್ಲ. ಹಗ್ಗದ ಮೇಲೆ ಹಾಕಿದಲ್ಲೇ ಬೂಷ್ಟು ಹಿಡಿದು, ಮೂಗು ಮುಚ್ಚಿಕೊಳ್ಳುವಂಥ ವಾಸನೆ.

ಅವನಿಗೆ ಅತಿ ಹೆಚ್ಚು ನೋವಾದದ್ದು ಹಿಟ್ಟಿನ ವಿಷಯದಲ್ಲಿ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಒಣ ಊರಲ್ಲೇ ಹಾಗೆ, ಇಲ್ಲಿಯ ತಂಡಿಯಲ್ಲಿ ಕೇಳಬೇಕಾ? ಗಂಟು ಗಂಟಾಗಿ, ಕಹಿಯಾಗಿ, ಕೊನೆಗೆ ಹುಳ ಬಿತ್ತು. ಎಸರಿಟ್ಟು ಕಲಸಿ, ತಟ್ಟಲು ಕೂತರೆ ಅಂಚು ಬಿರಿದು ಕೈಯಲ್ಲೇ ಚೂರಾಗುತ್ತಿತ್ತು. ಅರ್ಧ ಚೀಲ ಹಿಟ್ಟನ್ನು ಗುಂಡಿ ತೋಡಿ ಮುಚ್ಚಿದರಂತೆ. ಹೊರಗೆ ಎಸೆದರೆ ಪ್ರಾಣಿಗಳು ಬರುತ್ತವೆ ಅಂತ. ಆಮೇಲೆ ಮೂರು ಹೊತ್ತೂ ಕುಚಲಕ್ಕಿ ಅನ್ನ. ಜೊತೆಗೆ ಸಾರು, ಉಪ್ಪಿನಕಾಯಿ, ಉಳಿದವರಿಗೆ ಒಣಮೀನು. ಅವನು ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವನು. ಒಣಮೀನು ಸುಡುವ ವಾಸನೆ ಬಂದರೆ ಎದ್ದು ಜಗಲಿಗೆ ಹೋಗುತ್ತಿದ್ದ. ಜಗಲಿಯಲ್ಲಿ ಇರಚಲು. ಅಲ್ಲೇ ನಿಂತು ನೆನೆಯುತ್ತಿದ್ದ.

ಹೊರಗಿನವರಿಗೆ ಒಂದು ಭ್ರಮೆ ಇದೆ. ಕಾಡಲ್ಲಿ ಇರುವವರು ಕಾಡಿನದ್ದನ್ನೇ ತಿನ್ನುತ್ತಾರೆ, ಸೊಪ್ಪು ಸದೆ, ಅಣಬೆ, ಕಳಲೆಗೆ ಏನು ಬರ ಅಂತ. ರಾಷ್ಟ್ರೀಯ ಉದ್ಯಾನದಲ್ಲಿ ಅದಕ್ಕೆ ಅವಕಾಶ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನ ಪ್ರಕಾರ ಉದ್ಯಾನದಿಂದ ಅರಣ್ಯ ಉತ್ಪನ್ನ ತೆಗೆಯುವಂತಿಲ್ಲ. ಆ ಕಾಯ್ದೆಯನ್ನು ಕಾಯಬೇಕಾದವನೇ ಈ ಹುಡುಗ. ಶಿಬಿರದ ಹಿಂದೆಯೇ ಬಿದಿರ ಮೆಳೆಯಲ್ಲಿ ಕಳಲೆ ಮೂಡುತ್ತಿರುತ್ತದೆ, ಒಳಗೆ ನಾಲ್ಕು ದಿನದಿಂದ ಬರೀ ಆಲೂಗಡ್ಡೆ ಸಾರು. 'ತಿಂದೇ ಬೆಳೆದದ್ದು ಸಾರ್ ನಾವು. ಈಗ ಕಾಯುವ ಕೆಲಸ' ಅಂತ ಹಿರಿಯ ವಾಚರ್ ಒಮ್ಮೆ ಹೇಳಿದರು. ದೂರು ಅನ್ನುವ ಹಾಗೂ ಇರಲಿಲ್ಲ, ಹೆಮ್ಮೆ ಅನ್ನುವ ಹಾಗೂ ಇರಲಿಲ್ಲ.

ಆದರೆ ಊಟ, ಇಂಬಳ, ಒದ್ದೆ ಬಟ್ಟೆ ಇವ್ಯಾವುವೂ ಅವನನ್ನು ಮುರಿದದ್ದಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬೆಳಿಗ್ಗೆ ಗಸ್ತು ಇರುತ್ತಿತ್ತು. ಕೆಸರಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ನಡೆದು ಬರುವಾಗ ಅವನು ಸರಿಯಾಗಿಯೇ ಇರುತ್ತಿದ್ದ. ಮಧ್ಯಾಹ್ನ ಮೂರರ ಮೇಲೆ ಶುರುವಾಗುತ್ತಿತ್ತು ತೊಂದರೆ. ಒಬ್ಬ ವಾಚರ್ ಸೌದೆ ಸೀಳುತ್ತಾನೆ, ಇನ್ನೊಬ್ಬ ಅಕ್ಕಿ ಆರಿಸುತ್ತಾನೆ, ಹಿರಿಯರು ಪೈಪಿಗೆ ಕಸ ಕಟ್ಟಿದೆ ಅಂತ ತೊರೆಗೆ ಹತ್ತುತ್ತಾರೆ. ಇವನಿಗೆ ಯಾರೂ ಏನೂ ಹೇಳುವುದಿಲ್ಲ. ಗಾರ್ಡ್ ಸಾರ್ ಅಲ್ವಾ? ಎತ್ತಲು ಹೋದರೆ 'ಬೇಡ ಸಾರ್, ನಾವು ಮಾಡ್ತೇವೆ' ಅನ್ನುತ್ತಾರೆ. ಮರ್ಯಾದೆಯಿಂದಲೇ. ಆಮೇಲೆ ರಾತ್ರಿ ಎಂಟರವರೆಗೆ ಅವನು ಮಂಚದ ಮೇಲೆ ಬಿದ್ದುಕೊಂಡು ಮಾಡು ನೋಡುತ್ತಿದ್ದ. ಫೋನ್ ಸತ್ತಿರುತ್ತಿತ್ತು. ಮೋಡ ಕವಿದ ಜುಲೈನಲ್ಲಿ ಸೋಲಾರ್‌ನಿಂದ ಬರುವ ವಿದ್ಯುತ್ತು ವೈರ್‌ಲೆಸ್ಸಿಗೆ, ಅಡುಗೆಮನೆಯ ಒಂದು ದೀಪಕ್ಕೆ ಸಾಕಾದರೆ ಹೆಚ್ಚು.

ಶಿಬಿರದಲ್ಲಿ ಸಿಗ್ನಲ್ ಇಲ್ಲ. ಅರ್ಧ ಗಂಟೆ ಹತ್ತಿದರೆ ಹುಲ್ಲುಗುಡ್ಡದ ಒಂದು ಮೂಲೆಯಲ್ಲಿ ಒಂದೆರಡು ಕಡ್ಡಿ ಬರುತ್ತದೆ. ಇವನು ದಿನಾ ಸಂಜೆ ಒಬ್ಬನೇ ಅಲ್ಲಿಗೆ ಹೋಗಲು ಶುರು ಮಾಡಿದ. ಮಂಜು ಕವಿದರೆ ಹತ್ತು ಅಡಿ ಮುಂದಿರುವ ಕಾಟಿಯೂ ಕಾಣದ ಜಾಗ ಅದು. ಹಿರಿಯರು ಬೇಡ ಅಂದರು. ಇವನು ಕೇಳಲಿಲ್ಲ. ಮಳೆಗೆ ಕರೆ ಹತ್ತದ ದಿನ ಊರಲ್ಲಿ ಅವ್ವ ಗಾಬರಿಯಾಗಿ ಅಳುತ್ತಿದ್ದಳು, ಮರುದಿನ ಹತ್ತಿದಾಗ ಇವನು ಅಳುತ್ತಿದ್ದ. ಜುಲೈ ಮಧ್ಯದಲ್ಲಿ ರಜೆ ಹಾಕಿ ಊರಿಗೆ ಹೋದವನು ಹೇಳಿದ ದಿನಕ್ಕೆ ಬರಲಿಲ್ಲ. ಬರುವಾಗ ವರ್ಗಾವಣೆ ಅರ್ಜಿ ಬರೆದುಕೊಂಡೇ ಬಂದಿದ್ದ. ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿ ಇಟ್ಟಿದ್ದ.

ಪಾಳಿ

ಅಡುಗೆ ನೋಡಿಕೊಳ್ಳುತ್ತಿದ್ದ ವಾಚರ್‌ಗೆ ಊರಲ್ಲಿ ಅರ್ಧ ಎಕರೆ ಅಡಿಕೆ ತೋಟ. ಆಗಸ್ಟಿನಲ್ಲಿ ಕೊಳೆರೋಗ ಕಾಣಿಸಿಕೊಂಡಿತು ಅಂತ ಸುದ್ದಿ ಬಂತು. ಮಳೆ ಎರಡು ದಿನ ಬಿಟ್ಟಾಗ ಮೈಲುತುತ್ತು ಸುಣ್ಣದ ದ್ರಾವಣ ಹೊಡೆಯದಿದ್ದರೆ ವರ್ಷದ ಫಸಲೇ ಹೋಗುತ್ತದೆ. ಅವನು ಹೊರಟ. ಇನ್ನೊಬ್ಬನಿಗೆ ಜ್ವರ. ಹಿರಿಯ ವಾಚರ್ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದರು: ಅಡುಗೆ, ಸೌದೆ, ಪೈಪು, ಪಾತ್ರೆ. ನಾನು ಅಲ್ಲೇ ಇದ್ದೆ. ಪಾತ್ರೆಯ ಮುಂದೆ ನನ್ನ ಹೆಸರು ಬಿತ್ತು. ಕಪ್ಪೆ ಹುಡುಕುವವನಿಗೆ ಸಾರ್ ಅನ್ನುವ ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ, ಹಾಗಾಗಿ ಪಾತ್ರೆ ಮೊದಲಿನಿಂದಲೂ ನನ್ನದೇ. ಗಾರ್ಡ್ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಅವನು ಗೋಡೆಯ ಹತ್ತಿರ ಹೋಗಿ ಓದಿದ. ಸ್ವಲ್ಪ ಹೊತ್ತು ಸುಮ್ಮನೆ ನಿಂತ.

'ನನ್ನ ಹೆಸರೂ ಹಾಕ್ರಿ ಕಾಕಾ. ಉಣ್ಣಾಕ ನಾನೂ ಅದೀನಲ್ಲ.'

'ನಿಮಗೆ ಯಾಕೆ ಸಾರ್ ಇದೆಲ್ಲ? ನಾವಿದ್ದೇವಲ್ಲ.'

'ಹಾಕ್ರಿ. ಇಲ್ಲಾಂದ್ರ ನಾ ಉಣ್ಣೂದಿಲ್ಲ.'

ಹಿರಿಯರು ಪೆನ್ನು ತೆಗೆದು ಸೌದೆಯ ಮುಂದೆ 'ಗಾರ್ಡ್' ಅಂತ ಬರೆದರು. ಅಷ್ಟೇ ನಡೆದದ್ದು.

ಸೌದೆ ಅಂದರೆ ಸುಲಭ ಅಂದುಕೊಳ್ಳಬೇಡಿ. ಈ ಶಿಬಿರದಲ್ಲಿ ಒಲೆಗೆ ಹೋಗುವುದು ದಾರಿಗೆ ಅಡ್ಡ ಬಿದ್ದ ಮರದ ತುಂಡು. ಬೇಸಿಗೆಯಲ್ಲಿ ಕೂಡಿಟ್ಟದ್ದು ಅಡುಗೆಮನೆಯ ಒಂದು ಗೋಡೆಯಷ್ಟೂ ಇರುತ್ತದೆ. ಆದರೆ ಆಗಸ್ಟಿನ ಹೊತ್ತಿಗೆ ಅದಕ್ಕೂ ತಂಡಿ ಏರಿರುತ್ತದೆ. ಹಿರಿಯರು ಅವನನ್ನು ಕೂರಿಸಿಕೊಂಡು ತೋರಿಸಿದರು. ಮೊದಲು ತುಂಡನ್ನು ಎರಡು ಸೀಳು ಮಾಡಿ ಒಳಗಿನ ತಿರುಳು ಮುಟ್ಟಿ ನೋಡಬೇಕು. ಒಣಗಿದ್ದರೆ ಕೈಗೆ ಬೆಚ್ಚಗೆ ಅನ್ನಿಸುತ್ತದೆ, ಒದ್ದೆಯಿದ್ದರೆ ತಣ್ಣಗೆ. ಒಣಗಿದ ತಿರುಳನ್ನು ಹೆಬ್ಬೆರಳ ದಪ್ಪಕ್ಕೆ ಸೀಳಬೇಕು. ಒಲೆಯ ಮೇಲೆ ಬಿದಿರಿನ ಅಟ್ಟ ಇದೆಯಲ್ಲ, ನಾಳೆಯ ಸೌದೆ ಇವತ್ತು ರಾತ್ರಿಯೇ ಅದರ ಮೇಲೆ ಹೋಗಬೇಕು, ನಾಡಿದ್ದಿನದು ಒಲೆಯ ಪಕ್ಕಕ್ಕೆ ಒರಗಬೇಕು. ಒಂದು ದಿನ ತಪ್ಪಿದರೆ ಮರುದಿನ ಮನೆಯೆಲ್ಲ ಹೊಗೆ. ಬೆಂಕಿ ಹಚ್ಚುವಾಗ ಒಲೆಯ ಬೂದಿ ಪೂರ್ತಿ ತೆಗೆಯಬಾರದು, ಅಡಿಯಲ್ಲಿ ನಿನ್ನೆಯ ಕೆಂಡ ಇನ್ನೂ ಉಸಿರಾಡುತ್ತಿರುತ್ತದೆ. ತೆಂಗಿನ ಗೆರಟೆಯ ಎರಡು ಚೂರು, ಅದರ ಮೇಲೆ ಸೀಳಿದ ಕಡ್ಡಿ, ಊದುಕೊಳವೆ. ಹುಡುಗ ಮೊದಲ ದಿನ ಒಂದು ಗಂಟೆ ಊದಿದ. ಕಣ್ಣು ಮೂಗು ಎಲ್ಲ ನೀರು. ಆ ರಾತ್ರಿ ಊಟ ಒಂಬತ್ತೂವರೆಗೆ ಆಯಿತು, ಯಾರೂ ಏನೂ ಅನ್ನಲಿಲ್ಲ.

ಒಂದೆರಡು ವಾರ ಕಳೆಯುವುದರೊಳಗೆ ಅವನ ಮಧ್ಯಾಹ್ನಗಳು ತುಂಬಿಹೋದವು. ಮೂರು ಗಂಟೆಗೆ ಸೌದೆ, ನಾಲ್ಕಕ್ಕೆ ಪೈಪು. ಪೈಪಿನ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಎಲೆ ಸಿಕ್ಕಿಕೊಂಡರೆ ಹತ್ತಿ ಹೋಗಿ ಬಿಡಿಸಬೇಕು. ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡು ಹೋದರೂ ಹಿಂದೆ ಬರುವಾಗ ನಾಲ್ಕೈದು ಇಂಬಳ ಕಾಲಿಗೆ ಗ್ಯಾರಂಟಿ. ಕಾಲಿನ ಹುಣ್ಣು ವಾಸಿಯಾಗಿರಲಿಲ್ಲ. ಮಳೆಯೂ ನಿಂತಿರಲಿಲ್ಲ. ಹೊರಗೆ ಬದಲಾದದ್ದು ಏನೂ ಇಲ್ಲ. ಆದರೂ ಮಂಚದ ಮೇಲೆ ಬಿದ್ದುಕೊಳ್ಳುವುದು ನಿಂತಿತು. ವರ್ಗಾವಣೆ ಅರ್ಜಿ ಜೇಬಿನಿಂದ ಸೂಟ್‌ಕೇಸಿಗೆ ಹೋಯಿತು. ಹರಿದು ಹಾಕಿದ ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಹರಿಯಲಿಲ್ಲ.

ನನಗೆ ಇಲ್ಲಿ ಕಂಡದ್ದು ಇದು. ಪಟ್ಟಣದಲ್ಲಿ ಕೂತು ಸರಳ ಬದುಕು ಅಂದಾಗ ನಾವು ವಸ್ತುಗಳನ್ನು ಕಳೆಯುತ್ತಾ ಹೋಗುತ್ತೇವೆ. ಟಿವಿ ಬೇಡ, ಫ್ರಿಜ್ ಬೇಡ, ಫೋನ್ ಕಡಿಮೆ. ಶಿಬಿರದಲ್ಲಿ ಹಾಗೆ ಕಳೆದ ಒಂದೊಂದು ವಸ್ತುವಿನ ಜಾಗಕ್ಕೂ ಒಂದೊಂದು ಕೆಲಸ ಬಂದು ಕೂರುತ್ತದೆ. ನಲ್ಲಿ ಇಲ್ಲ ಅಂದರೆ ಪೈಪಿನ ಕೆಲಸ, ಫ್ರಿಜ್ ಇಲ್ಲ ಅಂದರೆ ತರಕಾರಿ ಕಾಯುವ ಕೆಲಸ. ಆ ಕೆಲಸವನ್ನು ಬೇರೆಯವರು ಮಾಡಿ, ನಾವು ಬರೀ ವಸ್ತು ಕಳೆದುಕೊಂಡು ಕೂತರೆ ಉಳಿಯುವುದು ಇಲ್ಲದಿರುವಿಕೆ ಮಾತ್ರ. ಈ ಹುಡುಗನಿಗೆ ಮಳೆಗಾಲದ ಮೊದಲ ಎರಡು ತಿಂಗಳು ಮರ್ಯಾದೆಯ ಹೆಸರಲ್ಲಿ ಕೊಟ್ಟದ್ದು ಅದನ್ನೇ.

ರೊಟ್ಟಿ, ಮೀನು, ಫೋನು

ಅಡುಗೆಯ ಪಾಳಿ ಬಂದಾಗ ಹಿಟ್ಟಿನ ಪ್ರಶ್ನೆ ಮತ್ತೆ ಎದ್ದಿತು. ಈ ಸಲ ಊರಿಂದ ಹಿಟ್ಟಿನ ಬದಲು ಜೋಳವನ್ನೇ ತರಿಸಿದ. ಕಾಳು ತಂಡಿಗೆ ಹಿಟ್ಟಿನಷ್ಟು ಬೇಗ ಕೆಡುವುದಿಲ್ಲ. ಸ್ಟೀಲ್ ಡಬ್ಬದಲ್ಲಿ ತುಂಬಿ ಅಟ್ಟದ ಮೇಲಿಟ್ಟ. ರೇಷನ್ ತರಲು ಕಳಸಕ್ಕೆ ಹೋದಾಗ ಎರಡೇ ಕಿಲೋ ಬೀಸಿಸಿಕೊಂಡು ಬಂದು ವಾರದೊಳಗೆ ಮುಗಿಸುತ್ತಿದ್ದ. ಅವನು ರೊಟ್ಟಿ ತಟ್ಟುವುದನ್ನು ನೋಡಲು ಎಲ್ಲರೂ ಒಲೆಯ ಸುತ್ತ ಕೂರುತ್ತಿದ್ದರು. ಹಿಟ್ಟಿನ ಉಂಡೆಯ ಮೇಲೆ ಬಲಗೈ ಪಟಪಟ ಬೀಳುತ್ತದೆ, ಎಡಗೈ ಅಂಚನ್ನು ಕಾಯುತ್ತದೆ, ರೊಟ್ಟಿ ತಾನಾಗಿ ತಿರುಗುತ್ತಾ ಅಗಲವಾಗುತ್ತದೆ. ತವೆಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಮೇಲೆ ನಿಲ್ಲಿಸಿದರೆ ಉಬ್ಬುತ್ತದೆ. ಹಿರಿಯ ವಾಚರ್ ಮೊದಲ ರೊಟ್ಟಿಯನ್ನು ಒಣ ಸೀಗಡಿ ಚಟ್ನಿಯ ಜೊತೆ ತಿಂದು, ಇದು ನಡೆಯುತ್ತದೆ ಅಂದರು. ಇವನು ಮುಖ ಆ ಕಡೆ ತಿರುಗಿಸಿ ಶೇಂಗಾ ಚಟ್ನಿಯಲ್ಲಿ ತಿಂದ.

ಮೀನಿನ ವಿಷಯಕ್ಕೆ ಯಾರೂ ಭಾಷಣ ಮಾಡಲಿಲ್ಲ. ಮೀನು ಸುಡುವುದು ಹೊರಗೆ, ಬಚ್ಚಲೊಲೆಯ ಕೆಂಡದಲ್ಲಿ. ಅದಕ್ಕೆ ಬೇರೆ ಬಾಣಲೆ, ಬೇರೆ ಸೌಟು. ಇವನ ಅಡುಗೆ ಪಾಳಿಯ ದಿನ ಮೀನಿಲ್ಲ. ಮಳೆಗಾಲದಲ್ಲಿ ನಡೆದು ನಡೆದು ಸುಸ್ತಾದವರಿಗೆ ಒಣಮೀನು ಬಿಡಿ ಅನ್ನಲು ಆಗುವುದಿಲ್ಲ. 24 ವರ್ಷ ಮೀನು ಮುಟ್ಟದೆ ಬೆಳೆದವನಿಗೆ ತಿನ್ನು ಅನ್ನಲೂ ಆಗುವುದಿಲ್ಲ. ಈ ಏರ್ಪಾಟು ಈಗಲೂ ನಡೆಯುತ್ತಿದೆ.

ಫೋನಿನ ವಿಷಯಕ್ಕೂ ಇಂಥದ್ದೇ ಒಂದು ಏರ್ಪಾಟು ಆಯಿತು. ವಿದ್ಯುತ್ತು ಮೊದಲು ವೈರ್‌ಲೆಸ್ಸಿಗೆ, ಆಮೇಲೆ ಅಡುಗೆಮನೆಯ ದೀಪಕ್ಕೆ, ಆಮೇಲೆ ಗಸ್ತಿನ ದಾರಿ ದಾಖಲಿಸುವ ಫೋನಿಗೆ, ಉಳಿದರೆ ಸ್ವಂತ ಫೋನಿಗೆ. ಗುಡ್ಡಕ್ಕೆ ದಿನಾ ಹೋಗುವುದು ನಿಂತಿತು. ಐತ್ವಾರದ ಗಸ್ತನ್ನೇ ಆ ಗುಡ್ಡದ ಮೇಲೆ ಹಾಯುವಂತೆ ಮಾಡಿಕೊಂಡರು. ಜೊತೆಗೆ ಇನ್ನೊಬ್ಬ ಇದ್ದೇ ಇರುತ್ತಾನೆ. 'ಐತ್ವಾರ ಮಾಡ್ತೀನವ್ವಾ, ನಡುವ ಬಂದಿಲ್ಲಂದ್ರ ಮಳಿ ಅಂತ ತಿಳ್ಕೋ' ಅಂತ ಅವ್ವನಿಗೆ ಹೇಳಿದ. ದಿನಾ ಕಾಯುವುದಕ್ಕಿಂತ ವಾರಕ್ಕೆ ಒಮ್ಮೆ ಗೊತ್ತಾದ ಹೊತ್ತಿಗೆ ಕಾಯುವುದು ಅವಳಿಗೂ ಹಗುರ ಆಯಿತಂತೆ. ತುರ್ತು ಇದ್ದರೆ ವಲಯ ಕಚೇರಿಗೆ ಹೇಳಿದರೆ ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟುತ್ತದೆ ಅಂತ ಅವಳಿಗೆ ಆ ನಂಬರೂ ಕೊಟ್ಟ.

ಸಂಜೆಗೆ ಚೆನ್ನೆಮಣೆ. ತುಳುನಾಡಿನಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮನೆಮನೆಯಲ್ಲಿ ಆಡುತ್ತಿದ್ದ ಆಟ. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಹಿರಿಯರ ಮಣೆ ಹಳೆಯದು, ಹಲಸಿನ ಮರದ್ದು. ಹುಡುಗನ ಅಜ್ಜಿ ಊರಲ್ಲಿ ಇದೇ ಥರದ ಅಳಗುಳಿ ಮನೆ ಆಟ ಆಡುತ್ತಿದ್ದಳಂತೆ, ಹಾಗಾಗಿ ಕೈ ಬೇಗ ಹಿಡಿಯಿತು. ಹಿರಿಯರನ್ನು ಸೋಲಿಸಲು ಮಾತ್ರ ಇವತ್ತಿಗೂ ಆಗಿಲ್ಲ. ಅವರು ಬೀಜ ಎಣಿಸುವುದೇ ಇಲ್ಲ, ಕಣ್ಣಲ್ಲೇ ಲೆಕ್ಕ.

ಎರಡನೇ ಮಳೆಗಾಲ

ಮರುವರ್ಷ ತಯಾರಿ ಏಪ್ರಿಲ್‌ನಲ್ಲೇ ಶುರುವಾಯಿತು, ಮಾಡಿದವನು ಇವನೇ. ಜೀಪು ಬರುವಷ್ಟು ದಿನ ಭಾರದ್ದೆಲ್ಲ ಒಳಗೆ ತಂದ. ಲೆಕ್ಕ ಸರಳ: ನಡೆಯುವ ಮನುಷ್ಯನಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ. ನಾಲ್ಕು ಜನ, ಹದಿನೈದು ದಿನ ಅಂದರೆ 30 ಕಿಲೋ. ದಾರಿ ಕಟ್ಟಾದ ಮೇಲೆ ಅದು ಎರಡು ಜನರ ತಲೆಹೊರೆ. ಹಾಗಾಗಿ ಅಕ್ಕಿ, ಎಣ್ಣೆ, ಬೇಳೆ ಮೇ ಕೊನೆಗೇ ಒಳಗೆ. ಮಂಗಳೂರು ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ಸಾಲಾಗಿ ತೂಗುಬಿಟ್ಟರು. ಗಾಳಿಯಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಕುಂಬಳಕಾಯಿ, ಸುವರ್ಣಗೆಡ್ಡೆ ಮಂಚದ ಕೆಳಗೆ. ಉಪ್ಪು, ಬೆಲ್ಲ ಎರಡೂ ಮಳೆಗೆ ನೀರು ಬಿಡುತ್ತವೆ, ಅವು ಭರಣಿಯಲ್ಲಿ ಒಲೆಯ ಹತ್ತಿರ. ಜೀನ್ಸಿನ ಜಾಗಕ್ಕೆ ಬೇಗ ಒಣಗುವ ಟ್ರ್ಯಾಕ್ ಪ್ಯಾಂಟು, ಮನೆಯೊಳಗೆ ಲುಂಗಿ. ಗಸ್ತಿಗೆ ಗಂಬೂಟು. ಒಂದು ಜೊತೆ ಬಟ್ಟೆ ಮಾತ್ರ ಯಾವತ್ತೂ ಹೊರಗೆ ಹಾಕುವುದಿಲ್ಲ. ರಾತ್ರಿ ಮಲಗಲು ಅಂತಲೇ ಅದು, ಡಬ್ಬದೊಳಗೆ ಒಣಗಿರುತ್ತದೆ. ಕಾಲಿಗೆ ಮಲಗುವ ಮುಂಚೆ ಒರೆಸಿ, ಒಲೆಯ ಮುಂದೆ ಕಾಯಿಸಿ, ಅರಿಶಿನ ಹಾಕಿದ ಕೊಬ್ಬರಿ ಎಣ್ಣೆ. ಬಿರುಕು ಆ ವರ್ಷವೂ ಬಂತು, ಹುಣ್ಣಾಗಲಿಲ್ಲ.

ದುಡ್ಡು ಉಳಿಯಿತು. ಖರ್ಚು ಮಾಡಲು ಜಾಗವೇ ಇಲ್ಲವಲ್ಲ. ವಲಯ ಕಚೇರಿಯ ಶೆಡ್ಡಿನಲ್ಲಿ ನಿಂತಿದ್ದ ಬೈಕಿನ ಸಾಲ ತೀರಿತು.

ಎಲ್ಲವೂ ಸರಿಹೋಯಿತು ಅಂತ ಅಲ್ಲ. ಪಂಚಮಿ ಹಬ್ಬ ಉತ್ತರ ಕರ್ನಾಟಕದವರಿಗೆ ಎಷ್ಟು ದೊಡ್ಡದು ಅಂತ ಆ ಕಡೆಯವರಿಗೇ ಗೊತ್ತು. ಉಂಡಿ, ಜೋಕಾಲಿ, ತವರಿಗೆ ಬಂದ ಅಕ್ಕತಂಗಿಯರು. ಅದು ಬೀಳುವುದು ಶ್ರಾವಣದಲ್ಲಿ, ಇಲ್ಲಿಯ ಮಳೆ ಜೋರಾಗಿರುವಾಗ. ರಜೆ ಎಲ್ಲರಿಗೂ ಒಟ್ಟಿಗೆ ಸಿಗುವುದಿಲ್ಲ. ಅವ್ವ ಕಳಿಸಿದ ಶೇಂಗಾ ಉಂಡಿ, ಎಳ್ಳುಂಡಿ ವಲಯ ಕಚೇರಿಗೆ ಬಂದು, ಅಲ್ಲಿಂದ ಯಾರದ್ದೋ ಹೆಗಲ ಮೇಲೆ ಶಿಬಿರಕ್ಕೆ ಬರುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಎರಡನೇ ವರ್ಷವೂ ಅವತ್ತು ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಪಾಳಿ ಮಾಡಿದ, ಮಲಗಿದ. ಇದಕ್ಕೆ ಹೊಂದಿಕೊಳ್ಳಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಈ ಪ್ರಕರಣವನ್ನು ಗಾರ್ಡಿನ ಕಡೆಯಿಂದ ಬರೆದಿದ್ದೇನೆ, ಯಾಕೆಂದರೆ ಹೊರಗಿನಿಂದ ಬಂದವನು ಅವನು. ವಾಚರ್‌ಗಳ ಕಡೆಯಿಂದ ನೋಡಿದರೆ ಇಲ್ಲಿ ಹೊಂದಿಕೊಳ್ಳುವ ಪ್ರಶ್ನೆಯೇ ಬೇರೆ. ಅವರ ಸಂಬಳ ಇವನದಕ್ಕಿಂತ ಬಹಳ ಕಡಿಮೆ, ಕೆಲಸ ತಾತ್ಕಾಲಿಕ, ವರ್ಗಾವಣೆ ಅನ್ನುವ ಬಾಗಿಲೇ ಇಲ್ಲ. ನಾನು ಒಮ್ಮೆ ಹಿರಿಯರ ಹತ್ತಿರ, ನಿಮ್ಮ ಹಾಗೆ ಕಡಿಮೆಯಲ್ಲಿ ಬದುಕಲು ನಮಗೆ ಆಗುವುದಿಲ್ಲ ಅಂದೆ. ಅವರು ನಕ್ಕು, ಮಗಳ ಮನೆಗೆ ಈ ವರ್ಷ ಫ್ರಿಜ್ ತೆಗೆಸಿಕೊಡಬೇಕು, ಯಾವ ಕಂಪನಿಯದ್ದು ಒಳ್ಳೆಯದು ಅಂತ ಕೇಳಿದರು. ಅರ್ಧ ಗಂಟೆ ಅದೇ ಮಾತಾಡಿದೆವು.

ಹೊಸಬರನ್ನು ಇಂಥ ಜಾಗಕ್ಕೆ ಕಳಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಎರಡು ಸಲಹೆ ಕೊಡುತ್ತೇನೆ. ಬಂದ ಮೊದಲ ದಿನವೇ ಪಾಳಿ ಪಟ್ಟಿಯಲ್ಲಿ ಹೆಸರು ಹಾಕಿ, ಹುದ್ದೆ ಏನೇ ಇರಲಿ. ಸಾರ್ ಅಂತ ಕರೆದುಕೊಂಡೇ ಸೌದೆ ಸೀಳಿಸಬಹುದು, ಯಾರ ಮರ್ಯಾದೆಯೂ ಹೋಗುವುದಿಲ್ಲ. ಮತ್ತೆ ಬೇಸಿಗೆಯಲ್ಲಿ ಕಳಿಸಿದ್ದರೆ, ಮಳೆಗೆ ಮುಂಚೆ ಹಳಬರೊಬ್ಬರು ಕೂತು ಅವರ ಸಾಮಾನು ಬಿಚ್ಚಿ ನೋಡಲಿ, ಏನು ಉಳಿಯುತ್ತದೆ, ಏನು ಕೊಳೆಯುತ್ತದೆ ಅಂತ.

ಈಗ

ಅವನಿಗೆ ಹೆಣ್ಣು ನೋಡಲು ಶುರು ಮಾಡಿ ವರ್ಷವಾಯಿತು. ಸರ್ಕಾರಿ ನೌಕರಿ ಅಂದಾಗ ಬಂದವರು, ಮನೆ ಎಲ್ಲಿ ಅಂತ ಕೇಳಿ ಹಿಂದೆ ಹೋದರು. ಒಂದು ಕಡೆ ಮಾತು ಮುಂದುವರಿದಿದೆ. ಹುಡುಗಿ ಡಿ.ಎಡ್. ಓದಿದವಳು, ಕಾಡಿನ ಶಿಬಿರದಲ್ಲಿ ಇರುವುದಿಲ್ಲ ಅಂತ ಮೊದಲೇ ಹೇಳಿದ್ದಾಳೆ. ಸರಿಯಾಗೇ ಹೇಳಿದ್ದಾಳೆ, ಅಲ್ಲಿ ಸಂಸಾರ ಮಾಡಲು ಜಾಗವೂ ಇಲ್ಲ. ಅವನು ಒಬ್ಬನೇ ಕಲಿತದ್ದು ಇಬ್ಬರ ಬದುಕಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಅವನಿಗೂ ಅನುಮಾನ ಇದೆ. ಕಳಸದಲ್ಲಿ ಒಂದು ಬಾಡಿಗೆ ಮನೆ ನೋಡಿದ್ದಾನೆ. ಹೆಂಚಿನ ಮನೆ, ಬಿಸಿಲು ಬೀಳುವ ಅಂಗಳ, ಗೋಡೆ ಸ್ವಲ್ಪ ಥಂಡಿ. ದೀಪಾವಳಿಗೆ ಹುಡುಗಿಯ ಅಣ್ಣ ಬಂದು ನೋಡಿಕೊಂಡು ಹೋಗುತ್ತಾನಂತೆ. ಅವತ್ತಿನ ಸೌದೆ ಪಾಳಿಯನ್ನು ಯಾರ ಜೊತೆ ಬದಲಾಯಿಸಿಕೊಳ್ಳುವುದು ಅಂತ ಈಗಲೇ ಕೇಳುತ್ತಿದ್ದಾನೆ.